ಕೆಂಪು ಬಾವುಟ ಹಿಡಿದು ನಿಂತವನು

ಲೇಕ್ ಮಾರ್ಕೆಟ್ಟಿನ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಬೆಳಗಿನ ಹೊತ್ತು ಮಾರುಕಟ್ಟೆಗೆ ಹೋಗಿಬರುವುದು ಕೇವಲ ವ್ಯಾಪಾರವಲ್ಲ; ಒಂದು ಗಳಿಗೆ ಊರಿಗೆ ಹೋಗಿಬಂದಷ್ಟು ಸಮಾಧಾನ. ಬಾಳೆಯೆಲೆ, ಕರಿಬೇವು, ಕಟ್ಟಿದ ಮಲ್ಲಿಗೆ, ಆಗತಾನೆ ಪುಡಿಮಾಡಿದ ಕಾಫಿಯ ಪರಿಮಳ, ಇಡ್ಲಿ ದೋಸೆಗಳ ಹೋಟೆಲು, ಇವೆಲ್ಲ ಇಲ್ಲಿ ಕಾಲ್ನಡಿಗೆಯ ದೂರದಲ್ಲಿವೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಈ ಕಾಲ್ನಡಿಗೆಯ ದಾರಿಯಲ್ಲಿ ಇನ್ನೊಬ್ಬ ವ್ಯಕ್ತಿಯೂ ನಮಗೆ ದಿನವೂ ಎದುರಾಗುತ್ತಾನೆ. ಹಳೆಯ ಎರಡಂತಸ್ತಿನ ಮನೆಯೊಂದನ್ನು ಕೆಡವಿ ಬಹುಮಹಡಿ ಕಟ್ಟಡ ಏಳುತ್ತಿರುವ ಕಡೆ, ಕೊಳವೆ ಹೂಳಲು ರಸ್ತೆ ಅಗೆದಿರುವ ಕಡೆ, ತಲೆಗೊಂದು ಹೆಲ್ಮೆಟ್ಟು, ಮೈಮೇಲೊಂದು ಬಣ್ಣಗೆಟ್ಟ ಕಿತ್ತಳೆ ಅಂಗಿ, ಬಾಯಲ್ಲಿ ಸೀಟಿ, ಕೈಯಲ್ಲಿ ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಹಿಡಿದು ಅವನು ನಿಂತಿರುತ್ತಾನೆ. ಕಂಟ್ರಾಕ್ಟರರು ಅವನನ್ನು ‘ಫ್ಲ್ಯಾಗ್‌ಮನ್’ ಎನ್ನುತ್ತಾರೆ. ನಾವು ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ಅವನನ್ನು ನೋಡುವುದೇ ಇಲ್ಲ.

ಸಂಘದ ಸ್ಮರಣ ಸಂಚಿಕೆಯಲ್ಲಿ ಪ್ರತಿವರ್ಷವೂ ಹೃದಯ, ಮಧುಮೇಹ, ಕಣ್ಣಿನ ಆರೈಕೆ ಮೊದಲಾದ ವಿಷಯಗಳನ್ನು ಕುರಿತು ವೈದ್ಯಮಿತ್ರರು ಉಪಯುಕ್ತ ಲೇಖನಗಳನ್ನು ಬರೆಯುತ್ತ ಬಂದಿದ್ದಾರೆ. ನಾನು ವೈದ್ಯನಲ್ಲ. ಮೂರು ದಶಕಗಳಿಗೂ ಮಿಗಿಲಾಗಿ ಕಟ್ಟಡ ಮತ್ತು ರಸ್ತೆ ಕಾಮಗಾರಿಗಳ ಮೇಲ್ವಿಚಾರಣೆ ನಡೆಸಿ ನಿವೃತ್ತನಾದ ಒಬ್ಬ ಇಂಜಿನಿಯರ್. ಆದರೂ ಈ ಬಾವುಟದವನ ವಿಷಯವನ್ನು ಆರೋಗ್ಯದ ಪುಟಗಳಲ್ಲಿಯೇ ಬರೆಯಬೇಕೆಂದು ಸಂಪಾದಕರನ್ನು ಕೇಳಿಕೊಂಡೆ. ಕಾರಣವನ್ನು ವಾಚಕರು ಮುಂದೆ ತಾವೇ ಕಾಣುವರು.

ಒಂದು ಸಂಜೆಯ ಪ್ರಸಂಗ

ಕಳೆದ ಬೇಸಗೆಯ ಒಂದು ಸಂಜೆ. ಸಂಘದ ಕಾರ್ಯಕ್ರಮಕ್ಕೆ ನಾನಾಗಲೇ ಅರ್ಧ ಗಂಟೆ ತಡವಾಗಿದ್ದೆ. ಟ್ಯಾಕ್ಸಿ ರಾಸ್‌ಬಿಹಾರಿ ಅವೆನ್ಯೂ ಬಿಟ್ಟು ಒಂದು ಓಣಿಗೆ ತಿರುಗಿತು. ಅಲ್ಲೊಂದು ಕಟ್ಟಡದ ಮುಂದೆ ಬಾವುಟದವನು ಕೋಲನ್ನು ಅಡ್ಡ ಹಿಡಿದು ನಮ್ಮನ್ನು ತಡೆದ. ಒಳಗಿನಿಂದ ಕಾಂಕ್ರೀಟ್ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ನನಗೆ ಕಂಡದ್ದು ಲಾರಿಯಲ್ಲ, ಕೈಗಡಿಯಾರ. “ಜಾಗವಿದೆಯಲ್ಲ ದಾದಾ, ನಡೆಯಿರಿ,” ಎಂದು ಚಾಲಕನನ್ನು ಅವಸರಪಡಿಸಿದೆ. ಆತ ಗಾಡಿಯನ್ನು ಮುಂದಕ್ಕೆ ಒತ್ತಿದ. ಬಾವುಟದವನು ನಮಗೆ ದಾರಿಬಿಡಲು ಹಿಂದಕ್ಕೆ ಹಾರಿದ, ಹಿಂದೆ ಲಾರಿ. ಒಂದು ಕ್ಷಣ ಅವನು ಎರಡು ವಾಹನಗಳ ನಡುವೆ ಇದ್ದ. ಪಕ್ಕದಲ್ಲಿ ಮರಳಿನ ರಾಶಿ ಇದ್ದುದರಿಂದ ಅದರ ಮೇಲೆ ಬಿದ್ದು ಬದುಕಿಕೊಂಡ. ಮೊಣಕೈ ತರಚಿ ರಕ್ತ ಬಂದಿತ್ತು. ನಾನು ಕಾರ್ಯಕ್ರಮಕ್ಕೆ ಹೋದೆ. ಆದರೆ ಅಂದು ವೇದಿಕೆಯ ಮೇಲೆ ಯಾರು ಏನು ಹಾಡಿದರೆಂಬುದು ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಅವನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ನಕ್ಕುಬಿಟ್ಟ. “ಇದು ದಿನವೂ ಇದ್ದದ್ದೇ, ಕಾಕು. ಮುಂದೆ ನೀವು, ಹಿಂದೆ ಲಾರಿ. ನನಗಿರುವುದು ಒಂದೇ ಜೊತೆ ಕಣ್ಣು.” ಮುರ್ಷಿದಾಬಾದ್ ಜಿಲ್ಲೆಯಿಂದ ಗಾರೆ ಕೆಲಸಕ್ಕೆಂದು ಬಂದವನು, ಕಾಲಿನ ನೋವಿನಿಂದ ಭಾರ ಹೊರಲಾರದೆ ಹೋದುದರಿಂದ ಮೇಸ್ತ್ರಿ ಬಾವುಟಕ್ಕೆ ನಿಲ್ಲಿಸಿದನಂತೆ. “ಯಾರಾದರೂ ಈ ಕೆಲಸ ಕಲಿಸಿದರೇ?” ಎಂದು ಕೇಳಿದೆ. “ಇದರಲ್ಲಿ ಕಲಿಯುವುದೇನಿದೆ? ಬಟ್ಟೆ ಬೀಸುವುದು ತಾನೆ?” ಎಂದ.

ಆ ಮಾತು ನನ್ನನ್ನೇ ಚುಚ್ಚಿತು. ಏಕೆಂದರೆ ಅದು ಅವನ ಮಾತಲ್ಲ, ನಮ್ಮ ಮಾತು. ನಾನು ಕೆಲಸದಲ್ಲಿದ್ದಾಗ ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಉಳಿದವರಲ್ಲಿ ಮುದುಕನನ್ನೋ ಬಾಣಂತನ ಮುಗಿಸಿ ಬಂದ ಹೆಂಗಸನ್ನೋ ನಿನ್ನೆ ಜ್ವರವಿದ್ದವನನ್ನೋ ಕರೆದು, “ನೀನು ಬಾವುಟ ಹಿಡಿ,” ಎಂದು ಎಷ್ಟು ಸಲ ಹೇಳಿಲ್ಲ! ಬೇರಾವ ಕೆಲಸಕ್ಕೂ ಒದಗದವರಿಗೆ ಬಾವುಟ ಎಂಬುದು ನಮ್ಮ ಅಲಿಖಿತ ನಿಯಮವಾಗಿತ್ತು. ಇಡೀ ಕಾಮಗಾರಿಯಲ್ಲಿ ಅತ್ಯಂತ ಎಚ್ಚರ ಬೇಡುವ ಕೆಲಸವನ್ನು ಅತ್ಯಂತ ದಣಿದವನಿಗೆ ಒಪ್ಪಿಸುತ್ತಿದ್ದೆವು. ಅದು ತಪ್ಪು ಎಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಬಾವುಟದ ಹಳೆಯ ಕಥೆ

ವಾಹನದ ಮುಂದೆ ಕೆಂಪು ಬಾವುಟ ಹಿಡಿಯುವ ಪದ್ಧತಿ ಇಂದು ನೆನ್ನೆಯದಲ್ಲ. ಇಂಗ್ಲೆಂಡಿನಲ್ಲಿ 1865ರಲ್ಲಿ ಜಾರಿಗೆ ಬಂದ ಕಾಯಿದೆಯೊಂದರ ಪ್ರಕಾರ, ರಸ್ತೆಯ ಮೇಲೆ ಉಗಿಯಂತ್ರದ ಗಾಡಿ ಓಡಿಸುವವರು ಅದಕ್ಕಿಂತ ಕನಿಷ್ಠ 60 ಗಜ ಮುಂದೆ ಒಬ್ಬ ಮನುಷ್ಯನನ್ನು ಕೆಂಪು ಬಾವುಟದೊಡನೆ ನಡೆಸಬೇಕಾಗಿತ್ತು. ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ ವೇಗದ ಮಿತಿ. ಹಗುರ ಗಾಡಿಗಳ ಮಟ್ಟಿಗೆ ಈ ಕಟ್ಟಳೆಗಳು 1896ರ ಹೊತ್ತಿಗೆ ಕಳಚಿಬಿದ್ದವು. ಮೋಟಾರು ಯುಗ ಬಂದಿತು. ಅಂದು ಯಂತ್ರದ ವೇಗವನ್ನು ಮನುಷ್ಯನ ನಡಿಗೆಗೆ ಹೊಂದಿಸಿದ್ದರು. ಇಂದು ನಡೆಯುವ ಮನುಷ್ಯನನ್ನು ಓಡುವ ಯಂತ್ರದ ಎದುರಿಗೆ ನಿಲ್ಲಿಸಿದ್ದೇವೆ. ಬಾವುಟ ಮಾತ್ರ ಅದೇ.

ರೈಲ್ವೆಯಲ್ಲಿ ಬಾವುಟಕ್ಕೆ ಇರುವ ಮರ್ಯಾದೆಯನ್ನು ನಾವೆಲ್ಲ ಬಲ್ಲೆವು. ಹಳಿಯ ಪಕ್ಕದಲ್ಲಿ ಒಬ್ಬ ಗ್ಯಾಂಗ್‌ಮನ್ ಕೆಂಪು ಬಾವುಟ ತೋರಿದರೆ ಸಾವಿರ ಪ್ರಯಾಣಿಕರ ಮೇಲ್ ಗಾಡಿಯೂ ನಿಲ್ಲುತ್ತದೆ. ಡ್ರೈವರನು ವಾದಕ್ಕೆ ಇಳಿಯುವುದಿಲ್ಲ. ಅದೇ ಬಟ್ಟೆ ರಸ್ತೆಗೆ ಬಂದೊಡನೆ ಸಲಹೆಯಾಗಿಬಿಡುತ್ತದೆ. ರೈಲಿನಲ್ಲಿ ಬಾವುಟದ ಹಿಂದೆ ನಿಯಮವಿದೆ, ತರಬೇತಿಯಿದೆ, ಶಿಕ್ಷೆಯಿದೆ. ರಸ್ತೆಯಲ್ಲಿ ಬಾವುಟದ ಹಿಂದೆ ಒಬ್ಬ ಬಡವನಿದ್ದಾನೆ, ಅಷ್ಟೆ.

ಈ ನಗರವಂತೂ ಅಗೆದ ರಸ್ತೆಗಳ ನಡುವೆ ಬದುಕಲು ಕಲಿತ ನಗರ. ದೇಶದ ಮೊತ್ತಮೊದಲ ಮೆಟ್ರೋ ರೈಲಿಗೆ 1972ರ ಡಿಸೆಂಬರ್ 29ರಂದು ಶ್ರೀಮತಿ ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. ಎಸ್ಪ್ಲನೇಡಿನಿಂದ ಭವಾನಿಪುರದವರೆಗೆ ಮೊದಲ ಗಾಡಿ ಓಡಿದ್ದು 1984ರ ಅಕ್ಟೋಬರ್ 24ರಂದು. ನಮ್ಮ ನೆರೆಯ ಕಾಳೀಘಾಟ್ ಮತ್ತು ರವೀಂದ್ರ ಸರೋವರ ನಿಲ್ದಾಣಗಳನ್ನು ದಾಟಿ ಟಾಲಿಗಂಜ್ ತಲುಪಿದ್ದು 1986ರ ಏಪ್ರಿಲ್ 29ರಂದು. ಬಹುಪಾಲು ದಾರಿಯನ್ನು ಮೇಲಿನಿಂದಲೇ ತೋಡಿ, ಪೆಟ್ಟಿಗೆಯಂತೆ ಕಟ್ಟಿ, ಮತ್ತೆ ಮುಚ್ಚುವ ವಿಧಾನದಿಂದ ನಿರ್ಮಿಸಿದ್ದರಿಂದ ವರ್ಷಗಟ್ಟಲೆ ರಸ್ತೆಯ ನಡುವೆ ಕಂದಕ, ಅದರ ಎರಡು ಅಂಚುಗಳಲ್ಲಿ ಬಸ್ಸು, ಲಾರಿ, ಕೈಗಾಡಿ, ಜನ. ನಮ್ಮ ಹಿರಿಯ ಸದಸ್ಯರು ಆ ದಿನಗಳ ಧೂಳನ್ನೂ ಮಳೆಗಾಲದ ಕೆಸರನ್ನೂ ಈಗಲೂ ವರ್ಣಿಸುತ್ತಾರೆ. ಆ ಕಂದಕಗಳ ಅಂಚಿನಲ್ಲಿ ನಿಂತು ನಮ್ಮನ್ನು ದಾಟಿಸಿದವರು ಯಾರೆಂದು ಮಾತ್ರ ಯಾರಿಗೂ ನೆನಪಿಲ್ಲ.

ಅವನ ಕೆಲಸವೇನು?

ಬಾವುಟದವನ ಕೆಲಸ ಬಟ್ಟೆ ಬೀಸುವುದಲ್ಲ, ನಿರ್ಧಾರ ಮಾಡುವುದು. ಎರಡು ಸಾಲಿನ ರಸ್ತೆಯಲ್ಲಿ ಒಂದು ಸಾಲು ಮುಚ್ಚಿದಾಗ ಉಳಿದ ಒಂದೇ ಸಾಲನ್ನು ಎರಡು ದಿಕ್ಕಿನವರೂ ಸರದಿಯಂತೆ ಬಳಸಬೇಕು. ಆಗ ಎರಡು ತುದಿಗಳಲ್ಲಿ ಇಬ್ಬರು ನಿಲ್ಲುತ್ತಾರೆ. ಈ ತುದಿಯವನು ಬಿಟ್ಟ ಕೊನೆಯ ವಾಹನ ಆ ತುದಿ ದಾಟಿತೆಂದು ಖಚಿತವಾದ ಮೇಲೆಯೇ ಆ ತುದಿಯವನು ತನ್ನ ಕಡೆಯವರನ್ನು ಬಿಡಬೇಕು. ತಿರುವಿನಲ್ಲಿ ಒಬ್ಬರಿಗೊಬ್ಬರು ಕಾಣದಿದ್ದರೆ ವೈರ್‌ಲೆಸ್ ಸೆಟ್ಟು ಬೇಕು, ಇಲ್ಲವೇ ನಡುವೆ ಮೂರನೆಯವನು ಬೇಕು. ಕಟ್ಟಡದ ಬಾಗಿಲಲ್ಲಿ ನಿಂತವನದು ಇನ್ನೊಂದು ಬಗೆಯ ಕೆಲಸ: ಒಳಬರುವ, ಹೊರಹೋಗುವ ಲಾರಿಗೂ ಪಾದಚಾರಿಗಳಿಗೂ ನಡುವೆ ಅಂತರ ಕಾಯುವುದು.

ಈ ಕೆಲಸಕ್ಕೆ ಒಂದು ಭಾಷೆಯಿದೆ. ಅಮೆರಿಕದ ಸಂಚಾರ ಸಂಕೇತಗಳ ಕೈಪಿಡಿ ಅದನ್ನು ಖಚಿತವಾಗಿ ಹೇಳುತ್ತದೆ. ನಿಲ್ಲಿಸಬೇಕಾದಾಗ ವಾಹನಗಳಿಗೆ ಎದುರಾಗಿ ನಿಂತು, ಕೋಲನ್ನು ಅಲುಗಾಡಿಸದೆ ಅಡ್ಡಲಾಗಿ ಚಾಚಿ, ಬಾವುಟ ಪೂರ್ತಿ ಬಿಚ್ಚಿ ತೂಗುವಂತೆ ಹಿಡಿದು, ಇನ್ನೊಂದು ಕೈಯ ಅಂಗೈಯನ್ನು ಭುಜಕ್ಕಿಂತ ಮೇಲೆತ್ತಿ ತೋರಿಸಬೇಕು. ಬಿಡುವಾಗ ಬಾವುಟವನ್ನು ಕಣ್ಣಿಗೆ ಬೀಳದಂತೆ ಇಳಿಸಿ, ಬರಿಗೈಯಿಂದ ಕರೆಯಬೇಕು. ನಿಧಾನವಾಗಲು ಹೇಳುವಾಗ ಬಾವುಟವನ್ನು ಭುಜದ ಮಟ್ಟದಿಂದ ಕೆಳಕ್ಕೆ ಮೆಲ್ಲಗೆ ಬೀಸಬೇಕು. ಕೆಂಪು ಬಾವುಟವನ್ನೇ ಬೀಸಿ “ಬನ್ನಿ, ಬನ್ನಿ” ಎಂದು ಕರೆಯುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಅಭ್ಯಾಸ. ನಿಲ್ಲು ಎನ್ನುವುದಕ್ಕೂ ಬಾ ಎನ್ನುವುದಕ್ಕೂ ಒಂದೇ ಬಣ್ಣ ಬಳಸಿದರೆ ಚಾಲಕನು ತನಗೆ ಬೇಕಾದ ಅರ್ಥವನ್ನು ಹಚ್ಚಿಕೊಳ್ಳುತ್ತಾನೆ. ಆ ಕೈಪಿಡಿ ಬಾವುಟಕ್ಕಿಂತಲೂ, ಒಂದು ಮುಖದಲ್ಲಿ ‘ನಿಲ್ಲಿ’, ಇನ್ನೊಂದು ಮುಖದಲ್ಲಿ ‘ನಿಧಾನ’ ಎಂದು ಬರೆದ ಎಂಟು ಮೂಲೆಯ ಹಲಗೆಯೇ ಮೇಲೆಂದು ಹೇಳುತ್ತದೆ. ಗಾಳಿಗೆ ಸುತ್ತಿಕೊಳ್ಳುವ ಬಟ್ಟೆಗಿಂತ ಹಲಗೆ ಸ್ಪಷ್ಟ.

ಯಾವಾಗ ನಿಲ್ಲಿಸಬೇಕೆಂಬ ಅಧಿಕಾರವೂ ಈ ಕೆಲಸದ ಭಾಗವೇ. 2016ರ ಮಾರ್ಚ್ 31ರಂದು ನಮ್ಮ ನಗರದ ಪೋಸ್ತಾದಲ್ಲಿ ನಿರ್ಮಾಣದಲ್ಲಿದ್ದ ವಿವೇಕಾನಂದ ರಸ್ತೆಯ ಮೇಲ್ಸೇತುವೆ ಕುಸಿದಾಗ ಕೆಳಗೆ ಜನಸಂಚಾರ ಎಂದಿನಂತೆ ನಡೆದಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕಾಗಿ ಎತ್ತಿ ನಿಲ್ಲಿಸಿದ್ದ ಕಬ್ಬಿಣದ ಪಂಜರ ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗು ಅಸುನೀಗಿದರು. ಇಂತಹ ದುರಂತಗಳ ಹೊಣೆ ಬಾವುಟದವನದಲ್ಲ. ಆದರೆ ಅಪಾಯದ ಕೆಲಸ ತಲೆಯ ಮೇಲೆ ನಡೆಯುವಾಗ ಕೆಳಗಿನ ಸಂಚಾರವನ್ನು ತಡೆಯುವ ವ್ಯವಸ್ಥೆ ಎಷ್ಟು ಮುಖ್ಯವೆಂಬುದನ್ನು ಅವು ತೋರಿಸುತ್ತವೆ. ‘ನಿಲ್ಲಿಸು’ ಎನ್ನುವ ಅಧಿಕಾರ ಯಾರಿಗೂ ಇಲ್ಲದ ಕಡೆ ಬಾವುಟ ಬರಿಯ ಅಲಂಕಾರ.

ದೂರದ ಲೆಕ್ಕ

ಚಾಲಕನು ಬಾವುಟವನ್ನು ಕಂಡೊಡನೆ ವಾಹನ ನಿಲ್ಲುವುದಿಲ್ಲ. ಕಣ್ಣು ಕಾಣಬೇಕು, ಮೆದುಳು ತಿಳಿಯಬೇಕು, ಕಾಲು ಬ್ರೇಕನ್ನು ಒತ್ತಬೇಕು. ನಮ್ಮ ದೇಶದ ರಸ್ತೆ ವಿನ್ಯಾಸದಲ್ಲಿ ಇದಕ್ಕೆ ಎರಡೂವರೆ ಸೆಕೆಂಡು ಎಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ 28 ಮೀಟರ್ ಸಾಗಿಬಿಟ್ಟಿರುತ್ತದೆ. ಆಮೇಲೆ ಬ್ರೇಕು ಹಿಡಿಯಬೇಕು. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಪಡಿಸಿರುವ ಸುರಕ್ಷಿತ ನಿಲುಗಡೆಯ ದೂರ ಹೀಗಿದೆ: 40 ಕಿಲೋಮೀಟರ್ ವೇಗಕ್ಕೆ 45 ಮೀಟರ್, 50ಕ್ಕೆ 60 ಮೀಟರ್, 60ಕ್ಕೆ 80 ಮೀಟರ್, 80ಕ್ಕೆ 120 ಮೀಟರ್. ವೇಗ ಇಮ್ಮಡಿಯಾದರೆ ದೂರ ಇಮ್ಮಡಿಗಿಂತ ಬಹಳ ಹೆಚ್ಚಾಗುತ್ತದೆ ಎಂಬುದನ್ನು ಗಮನಿಸಿರಿ.

ಆದ್ದರಿಂದ ಅಗೆದ ಗುಂಡಿಯ ಅಂಚಿನಲ್ಲಿಯೇ ಬಾವುಟದವನನ್ನು ನಿಲ್ಲಿಸಿದರೆ ಅವನು ಎಚ್ಚರಿಕೆಯಾಗುವುದಿಲ್ಲ, ಮೊದಲ ಬಲಿಯಾಗುತ್ತಾನೆ. ಕಾಮಗಾರಿ ಸ್ಥಳದ ಸಂಚಾರ ನಿರ್ವಹಣೆಯನ್ನು ಕುರಿತು ಅದೇ ಸಂಸ್ಥೆ 2001ರಲ್ಲಿ ಪ್ರಕಟಿಸಿ 2014ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲಿ ರಸ್ತೆಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಮುನ್ನೆಚ್ಚರಿಕೆಯ ವಲಯ. ಇಲ್ಲಿ ‘ಮುಂದೆ ಕಾಮಗಾರಿ ಇದೆ’ ಎಂಬ ಫಲಕಗಳು. ಎರಡನೆಯದು ವಾಹನಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವ ವಲಯ. ಇಲ್ಲಿ ಶಂಕುಗಳ ಓರೆ ಸಾಲು. ಮೂರನೆಯದು ಕೆಲಸ ನಡೆಯುವ ವಲಯ. ನಾಲ್ಕನೆಯದು ಮತ್ತೆ ಹಳೆಯ ದಾರಿಗೆ ಸೇರಿಸುವ ವಲಯ. ಚಾಲಕನಿಗೆ ಬಾವುಟ ಕಾಣುವ ಹೊತ್ತಿಗೆ ಫಲಕಗಳನ್ನು ಓದಿ ಆಗಲೇ ಅವನ ವೇಗ ಕುಗ್ಗಿರಬೇಕು. ನಮ್ಮ ಓಣಿಗಳಲ್ಲಿ ಮೊದಲ ಎರಡು ವಲಯಗಳ ಕೆಲಸವನ್ನೂ ಆ ಒಬ್ಬನ ಸೀಟಿಯೇ ಮಾಡಬೇಕಾಗಿದೆ. 1865ರ ಆ 60 ಗಜಗಳು ಇಂದಿನ ಸುಮಾರು 55 ಮೀಟರ್. ಗಂಟೆಗೆ ನಾಲ್ಕು ಮೈಲಿಯ ಗಾಡಿಗೆ ಆಗ ಕೊಟ್ಟಿದ್ದ ಅಂತರವನ್ನು ಇಂದು ಅದರ ಹತ್ತುಪಟ್ಟು ವೇಗದ ವಾಹನಕ್ಕೂ ನಾವು ಕೊಡುತ್ತಿಲ್ಲ.

ನಿಲ್ಲುವ ಜಾಗಕ್ಕೂ ಕ್ರಮವಿದೆ. ಅವನು ಸಂಚಾರದ ಸಾಲಿನ ನಡುವೆ ನಿಲ್ಲಬಾರದು. ಅಂಚಿನಲ್ಲಿ, ಇಲ್ಲವೇ ಮುಚ್ಚಿದ ಸಾಲಿನಲ್ಲಿ, ಒಬ್ಬನೇ ನಿಲ್ಲಬೇಕು. ಸುತ್ತ ಕೆಲಸಗಾರರು ಗುಂಪುಗೂಡಿದರೆ ಅವನು ಕಾಣದೆ ಹೋಗುತ್ತಾನೆ. ವಾಹನಗಳಿಗೆ ಬೆನ್ನು ತೋರಬಾರದು. ವಾಹನ ನಿಲ್ಲದಿದ್ದರೆ ತಾನು ಯಾವ ಕಡೆ ಹಾರಬೇಕೆಂಬುದನ್ನು ಮೊದಲೇ ನೋಡಿಟ್ಟುಕೊಂಡಿರಬೇಕು, ಆ ಜಾಗದಲ್ಲಿ ಜಲ್ಲಿ, ಸರಳು, ಗುಂಡಿ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಯ ವಾಹನಗಳನ್ನು ತಡೆಯುವವನಿಗೇ ಹಿಂದಕ್ಕೆ ಬರುವ ಲಾರಿಯನ್ನು ಕರೆದುಕೊಳ್ಳುವ ಕೆಲಸವನ್ನೂ ಒಪ್ಪಿಸಬಾರದು. ಅದಕ್ಕೆ ಬೇರೊಬ್ಬನು ಬೇಕು. ಒಂದೇ ಜೊತೆ ಕಣ್ಣು ಎಂದು ಅವನು ಹೇಳಿದ ಮಾತಿನಲ್ಲಿ ಇಡೀ ಶಾಸ್ತ್ರ ಅಡಗಿದೆ.

ಕತ್ತಲಿನ ಸಮಸ್ಯೆ ಬೇರೆ. ಹೊಳೆಯುವ ಕಿತ್ತಳೆ, ಹಸಿರುಮಿಶ್ರಿತ ಹಳದಿ ಬಟ್ಟೆಗಳು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುವುದರಿಂದ ಹಗಲಿನಲ್ಲಿ ಎದ್ದು ತೋರುತ್ತವೆ. ರಾತ್ರಿ ಅವಕ್ಕೆ ಆ ಶಕ್ತಿಯಿಲ್ಲ. ರಾತ್ರಿ ಕಾಪಾಡುವುದು ವಾಹನದ ದೀಪವನ್ನು ಅದೇ ದಿಕ್ಕಿಗೆ ಹಿಂತಿರುಗಿಸುವ ಬಿಳಿಯ ಪಟ್ಟಿಗಳು. ಧೂಳು ಸಿಮೆಂಟು ಮೆತ್ತಿದ ಪಟ್ಟಿ ಇದ್ದೂ ಇಲ್ಲದಂತೆ. ಆದ್ದರಿಂದ ಅಂಗಿಯನ್ನು ಒಗೆಯುವುದು, ಹಳತಾದುದನ್ನು ಬದಲಿಸುವುದು, ಕೈಗೆ ಕೆಂಪು ದೀಪದ ಕೋಲು ಕೊಡುವುದು, ಅವನು ನಿಂತ ಜಾಗಕ್ಕೆ ಬೆಳಕು ಹಾಕುವುದು ಇವೆಲ್ಲ ಔದಾರ್ಯವಲ್ಲ, ಕನಿಷ್ಠ ಕರ್ತವ್ಯ. ಸಂಜೆಯ ಬೆಳಕಿನಲ್ಲಿ ರಸ್ತೆ ಎಷ್ಟು ನಿರ್ದಯವೆಂಬುದಕ್ಕೆ ನಮ್ಮ ಬೀದಿಯಲ್ಲಿಯೇ ನಿದರ್ಶನವಿದೆ. ಬಂಗಾಳದ ಮಹಾಕವಿ ಜೀವನಾನಂದ ದಾಸರು 1954ರ ಅಕ್ಟೋಬರ್ 14ರಂದು ಸಂಜೆ ಇಲ್ಲಿಯೇ ದೇಶಪ್ರಿಯ ಪಾರ್ಕಿನ ಬಳಿ ಟ್ರಾಮಿಗೆ ಸಿಲುಕಿ, 22ರಂದು ತೀರಿಕೊಂಡರು. ಅದು ಕಾಮಗಾರಿಯ ಸ್ಥಳವಲ್ಲ, ನಿಜ. ಭಾರವಾದ ವಾಹನಕ್ಕೂ ಬರಿಮೈಯ ಮನುಷ್ಯನಿಗೂ ಒಂದು ಹೆಜ್ಜೆಯ ಅಂತರ ಮಾತ್ರ ಉಳಿದರೆ ಏನಾಗುತ್ತದೆಂಬುದು ಅದರಿಂದ ತಿಳಿಯುತ್ತದೆ.

ನಿಂತವನ ಆರೋಗ್ಯ

ವಾಹನ ತಾಗದಿದ್ದರೂ ಈ ಉದ್ಯೋಗ ದೇಹವನ್ನು ಸವೆಸುತ್ತದೆ. ಮೊದಲನೆಯದು ಬಿಸಿಲು. ಕಲ್ಕತ್ತೆಯ ವೈಶಾಖ ಜ್ಯೇಷ್ಠಗಳಲ್ಲಿ ಸೆಕೆಯೊಡನೆ ತೇವಾಂಶವೂ ಅಧಿಕವಾಗಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ; ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಬಾವುಟದವನಿಗೆ ನೆರಳಿಲ್ಲ, ಡಾಂಬರಿನ ಶಾಖ ಕೆಳಗಿನಿಂದ, ಇಂಜಿನ್ನುಗಳ ಶಾಖ ಎದುರಿನಿಂದ. ಇಂತಹವರು ಬಾಯಾರಿಕೆಗೆ ಕಾಯದೆ ಪ್ರತಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆಂದು ತಜ್ಞರು ಹೇಳುತ್ತಾರೆ. ಹೊಸದಾಗಿ ಬಿಸಿಲಿನ ಕೆಲಸಕ್ಕೆ ಬಂದವನಿಗೆ ಮೊದಲ ದಿನ ಐದನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ಬಿಸಿಲಿನ ಕೆಲಸ ಕೊಟ್ಟು, ಕ್ರಮೇಣ ಹೆಚ್ಚಿಸಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ನೆರಳಿಗೆ ಕರೆದೊಯ್ಯಬೇಕು. ಮಾತು ತೊದಲಿ, ಅಸಂಬದ್ಧವಾಗಿ ವರ್ತಿಸಿ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ದೇಹದ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ ಮೀರಿರುವ ಸಂಭವವುಂಟು, ಪ್ರಾಣಕ್ಕೆ ಅಪಾಯ. ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸುತ್ತ, ಆಂಬುಲೆನ್ಸ್ ಕರೆಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಎರಡನೆಯದು ಗಾಳಿ ಮತ್ತು ಶಬ್ದ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ನಿರ್ಣಯಿಸಿದೆ. ಕಾಂಕ್ರೀಟು ಒಡೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿದರೆ ಮತ್ತೆ ಹೊರಬಾರದು. ಮುಖಕ್ಕೆ ಸುತ್ತಿದ ಟವೆಲು ಆ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಅಗೆಯುವ ಕಡೆ ನೀರು ಚಿಮುಕಿಸಬೇಕು, ತಕ್ಕ ಮುಖಗವಸು ಕೊಡಬೇಕು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್‌ಗಿಂತ ಮಿಗಿಲಾದ ಶಬ್ದದಲ್ಲಿದ್ದರೆ ಕಾಲಕ್ರಮದಲ್ಲಿ ಕಿವಿ ಮಂದವಾಗುತ್ತದೆ. ಇಲ್ಲಿ ಒಂದು ಇಕ್ಕಟ್ಟಿದೆ: ಕಿವಿ ಮುಚ್ಚಿಕೊಂಡರೆ ಹಿಂದೆ ಬರುವ ಲಾರಿ ಕೇಳಿಸದು. ಆದಕಾರಣ ಇದಕ್ಕೆ ಸರದಿಯೇ ಮದ್ದು. ಎರಡು ಗಂಟೆಗೊಮ್ಮೆ ಆಳು ಬದಲಾಗುವುದು ಒಳ್ಳೆಯದೆಂದು ನನ್ನ ಅನುಭವ. ಸರದಿಯಿಂದ ಕಾಲಿನ ರಕ್ತನಾಳಗಳಿಗೂ ಸೊಂಟಕ್ಕೂ ವಿಶ್ರಾಂತಿ. ಮನಸ್ಸಿಗೂ ಹೊಸ ಎಚ್ಚರ.

ಮೂರನೆಯದನ್ನು ಹೇಳಲು ಸಂಕೋಚಪಡುವವರೇ ಹೆಚ್ಚು. ಬಾವುಟ ಹಿಡಿದವನು, ಅದರಲ್ಲಿಯೂ ಹೆಣ್ಣುಮಗಳು, ಜಾಗ ಬಿಟ್ಟು ಕದಲುವಂತಿಲ್ಲ. ಸಮೀಪದಲ್ಲಿ ಶೌಚಾಲಯವೂ ಇರುವುದಿಲ್ಲ. ಮೂತ್ರಕ್ಕೆ ಹೋಗಬೇಕಾದೀತೆಂದು ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದರಿಂದ ಬಿಸಿಲಿನ ತೊಂದರೆ ಉಲ್ಬಣಿಸುವುದಲ್ಲದೆ ಮೂತ್ರನಾಳದ ಸೋಂಕೂ ಮೂತ್ರಪಿಂಡದ ಕಲ್ಲೂ ಉಂಟಾಗಬಹುದು. ನೀರಿನ ಬಾಟಲಿ ಕೊಟ್ಟು ಶೌಚಾಲಯ ಕೊಡದಿದ್ದರೆ ಅದು ಅರ್ಧ ಉಪಕಾರವೂ ಅಲ್ಲ.

ಕಾನೂನು ಏನು ಹೇಳುತ್ತದೆ?

ಕಟ್ಟಡ ಕಾರ್ಮಿಕರ ಸುರಕ್ಷತೆ ಮತ್ತು ಕಲ್ಯಾಣಕ್ಕಾಗಿ 1996ರಲ್ಲಿ ಪ್ರತ್ಯೇಕ ಕಾಯಿದೆ ಬಂದು, ಕಾರ್ಮಿಕರ ನೋಂದಣಿ, ಕಲ್ಯಾಣ ಮಂಡಲಿ, ನಿರ್ಮಾಣ ವೆಚ್ಚದ ಮೇಲೆ ಉಪಕರ ಮೊದಲಾದ ಏರ್ಪಾಡುಗಳಾದವು. ಅದರ ಅಂಶಗಳನ್ನು 2020ರ ಕಾರ್ಮಿಕ ಸಂಹಿತೆಗಳಲ್ಲಿ ಅಳವಡಿಸಲಾಗಿದೆ. ಬಾವುಟ ಹಿಡಿಯುವವನೂ ಕಟ್ಟಡ ಕಾರ್ಮಿಕನೇ. ನೋಂದಣಿಯ ಹಕ್ಕು ಅವನಿಗೂ ಉಂಟು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಗಳಲ್ಲಿ ಸುರಕ್ಷತೆಯ ಮಾನದಂಡಗಳನ್ನು ಪಾಲಿಸದೆ ಮರಣವೋ ಅಂಗವೈಕಲ್ಯವೋ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ ಅಥವಾ ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಅದೇ ತಿದ್ದುಪಡಿ, ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದ ದಾರಿಹೋಕನಿಗೆ ಕಾನೂನಿನ ರಕ್ಷಣೆಯನ್ನೂ ಕೊಟ್ಟಿದೆ. ಆದುದರಿಂದ ಪೋಲೀಸರ ಭಯದಿಂದ ಗಾಯಗೊಂಡವನನ್ನು ಬಿಟ್ಟುಹೋಗುವ ಅಗತ್ಯ ಯಾರಿಗೂ ಇಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ದಿನಕ್ಕೆ ಸರಾಸರಿ 460ಕ್ಕೂ ಮಿಗಿಲು. ಕಾನೂನಿನ ಕೊರತೆಗಿಂತ ಪಾಲನೆಯ ಕೊರತೆಯೇ ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ನಾವು ಮಾಡಬಹುದಾದುದು

ನಮ್ಮ ಸದಸ್ಯರಲ್ಲಿ ವಾಹನ ಓಡಿಸುವವರಿದ್ದಾರೆ, ಫ್ಲ್ಯಾಟು ಕಟ್ಟಿಸುವವರಿದ್ದಾರೆ, ಇಂಜಿನಿಯರುಗಳಿದ್ದಾರೆ, ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವ ತಾಯಂದಿರಿದ್ದಾರೆ. ಎಲ್ಲರಿಗೂ ಅನುಸರಿಸಲು ಸಾಧ್ಯವಾದ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

1. ‘ಮುಂದೆ ಕಾಮಗಾರಿ’ ಎಂಬ ಫಲಕ ಕಂಡೊಡನೆ ವೇಗ ತಗ್ಗಿಸಿರಿ. ಬಾವುಟ ಕಾಣುವವರೆಗೆ ಕಾಯಬೇಡಿರಿ.

2. ಬಾವುಟ ಅಡ್ಡವಾದರೆ ನಿಲ್ಲಿರಿ. ಏಕೆ ನಿಲ್ಲಿಸಿದನೆಂಬುದು ನಿಮಗೆ ಕಾಣದಿರಬಹುದು, ಅವನಿಗೆ ಕಾಣುತ್ತದೆ. ಟ್ಯಾಕ್ಸಿಯಲ್ಲಿ ಹಿಂದೆ ಕುಳಿತವರು ಚಾಲಕನನ್ನು ಅವಸರಪಡಿಸಬೇಡಿರಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

3. ಅವನ ಪಕ್ಕದಲ್ಲಿ ಹಾದುಹೋಗುವಾಗ ಮೊಬೈಲನ್ನು ಮುಟ್ಟಬೇಡಿರಿ, ಹಾರನ್ನಿನಿಂದ ಬೆದರಿಸಬೇಡಿರಿ.

4. ಮಕ್ಕಳಿಗೆ, ಹಿಂದಕ್ಕೆ ಬರುವ ಲಾರಿಯ ಬೆನ್ನ ಹಿಂದೆ ಎಂದೂ ದಾಟಬಾರದೆಂದು ಕಲಿಸಿರಿ. ಆ ಜಾಗ ಚಾಲಕನ ಕನ್ನಡಿಗೆ ಕಾಣದು.

5. ನಿಮ್ಮ ಕಟ್ಟಡದ ಕೆಲಸ ನಡೆದಿದ್ದರೆ ಬಾವುಟದವನಿಗೆ ತರಬೇತಿ, ಸ್ವಚ್ಛವಾದ ಅಂಗಿ, ಸರದಿಯ ಜೊತೆಗಾರ, ನೆರಳು, ನೀರು, ಶೌಚಾಲಯ ಇವೆಯೇ ಎಂದು ಗುತ್ತಿಗೆದಾರನನ್ನು ಕೇಳಿರಿ. ಮನೆಯ ಯಜಮಾನ ಕೇಳಿದ ಪ್ರಶ್ನೆಗೆ ಇಂಜಿನಿಯರನ ಟಿಪ್ಪಣಿಗಿಂತ ಹೆಚ್ಚು ಬೆಲೆಯುಂಟೆಂಬುದನ್ನು ನಾನು ಬಲ್ಲೆ.

6. ಇಂಜಿನಿಯರ್ ಮಿತ್ರರೇ, ಬೆಳಗಿನ ಹಾಜರಿಯಲ್ಲಿ ಬಾವುಟಕ್ಕೆ ಮೊದಲು ಆಳನ್ನು ಆರಿಸಿರಿ, ಕೊನೆಗಲ್ಲ. ಕಣ್ಣು, ಕಿವಿ, ಕಾಲು ಚೆನ್ನಾಗಿರುವ, ಸಮಾಧಾನದ ಸ್ವಭಾವದ ವ್ಯಕ್ತಿಯೇ ಆ ಕೆಲಸಕ್ಕೆ ಬೇಕು.

ಊರು ಬಿಟ್ಟವರು

ನಾವು ಊರು ಬಿಟ್ಟು ಬಂದವರು. ಬ್ಯಾಂಕು, ಕಛೇರಿ, ಕಾಲೇಜುಗಳ ನೇಮಕದ ಪತ್ರ ಹಿಡಿದು ಬಂದೆವು. ಈ ನಗರ ನಮಗೆ ಜಾಗ ಕೊಟ್ಟಿತು. ಅವನೂ ಊರು ಬಿಟ್ಟು ಬಂದವನೇ. ಅವನ ಕೈಗೆ ಕೊಟ್ಟದ್ದು ಒಂದು ಕೋಲು, ಒಂದು ಬಟ್ಟೆ. ನಮ್ಮ ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಸಂಸಾರಗಳು ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ, ಮುಂಬಯಿಗೆ, ಗೋವೆಗೆ ಹೊರಟು ಇಂತಹದೇ ರಸ್ತೆಯ ಅಂಚಿನಲ್ಲಿ ನಿಲ್ಲುತ್ತವೆ. ಅಲ್ಲಿ ಯಾರೋ ಅಪರಿಚಿತ ಚಾಲಕ ನಮ್ಮವರಿಗಾಗಿ ಬ್ರೇಕು ಒತ್ತಲಿ ಎಂದು ಹಾರೈಸುವ ನಾವು, ಇಲ್ಲಿ ಇನ್ನೊಬ್ಬರ ಮಗನಿಗಾಗಿ ಒಂದು ನಿಮಿಷ ನಿಲ್ಲಲಾರೆವೇ?

ಆ ಕಟ್ಟಡದ ಗುತ್ತಿಗೆದಾರರೊಡನೆ ನಾನು ಮಾತನಾಡಿದೆ. ಒಂದು ವಾರದ ಮೇಲೆ ಲಾರಿಯ ಹಿಂದೆ ನಿಲ್ಲಲು ಇನ್ನೊಬ್ಬ ಆಳು ಬಂದ. ಬಾವುಟದವನಿಗೆ ಹೊಸ ಅಂಗಿ ಬಂತು. ಕೊಡೆಯ ಕೆಳಗೆ ಒಂದು ಸ್ಟೂಲೂ ಬಂತು. ಶೌಚಾಲಯದ ಮಾತು ಇನ್ನೂ ಮಾತಾಗಿಯೇ ಉಳಿದಿದೆ, ಕೇಳುತ್ತಲೇ ಇದ್ದೇನೆ. ಈಗ ಮಾರುಕಟ್ಟೆಗೆ ಹೋಗುವಾಗ ಅವನು ಕೋಲು ಅಡ್ಡ ಹಿಡಿದರೆ ನಾನು ಚೀಲ ಕೆಳಗಿಟ್ಟು ನಿಲ್ಲುತ್ತೇನೆ. ನನ್ನ ಪಕ್ಕದಲ್ಲಿ ಇನ್ನಿಬ್ಬರು ನಿಲ್ಲುತ್ತಾರೆ. ಲಾರಿ ಹಿಂದಕ್ಕೆ ಬಂದು, ತಿರುಗಿ, ಹೊರಟುಹೋಗುತ್ತದೆ. ಅವನು ಬಾವುಟ ಇಳಿಸಿ, “ಆಶುನ್, ಕಾಕು,” ಎಂದು ಕೈಮಾಡುತ್ತಾನೆ. ನಾವು ದಾಟುತ್ತೇವೆ. ಕೈಗಡಿಯಾರ ನೋಡಿದರೆ ಒಂದು ನಿಮಿಷವೂ ಆಗಿರುವುದಿಲ್ಲ.